ಅಪ್‌ಡೇಟ್: ಹಿತ್ತಲಲ್ಲಿ ಡೋಮ್ ಟೆಂಟ್ ಹಾಕಿಯೇ ಬಿಟ್ಟೆ
ಮಡಿಕೇರಿ ಚಳಿಯಲ್ಲಿ ಹಿತ್ತಲಲ್ಲಿ ಕೂರಲು ಪಾರದರ್ಶಕ ಡೋಮ್ ಟೆಂಟ್ ತಗೊಳ್ಳಬಹುದಾ ಅಂತ ಹುತ್ತರಿ ಹೊತ್ತಿಗೆ ಕೇಳಿದ್ದೆ. ತಗೊಂಡೆ.

ಬೆಳಿಗ್ಗೆ ಒಳಗೆ ಕೂತು ಕಾಫಿ ಕುಡಿಯುತ್ತಾ ಮಂಜು ಸರಿಯುವುದನ್ನು ನೋಡುವುದೇ ಸೊಗಸು. ಹನ್ನೊಂದಾದರೆ ಮಾತ್ರ ಬೇಯುತ್ತದೆ. ಬಿಸಿಲು ಒಳಬರುತ್ತದೆ, ಬಿಸಿಗಾಳಿ ಹೊರಹೋಗುವುದಿಲ್ಲ ಅಲ್ವಾ? ಅತ್ತೆ ಆಗಲೇ ಅಲ್ಲಿ ಹಪ್ಪಳ ಒಣಗಿಸುತ್ತಿದ್ದಾರೆ!

ರಾತ್ರಿಯ ತೊಂದರೆ ಬೇರೆ. ಉಸಿರಿನ ತೇವ ತಣ್ಣನೆಯ ಹಾಳೆಗೆ ತಾಗಿ ನೀರಾಗಿ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ಜಿಪ್ ಮೇಲೆ, ಕೆಳಗೆ ಒಂದೊಂದು ಗೇಣು ತೆರೆದಿಟ್ಟ ಮೇಲೆ ಕಡಿಮೆಯಾಯಿತು. ಒಳಗೆ ಕೆಂಡ ಇಡಬೇಡಿ ಅಂದವರಿಗೆ ಥ್ಯಾಂಕ್ಸ್. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲವಲ್ಲ! ಕಂಬಳಿ ಸಾಕು.

ಜೂನ್‌ಗೆ ಮುಂಚೆ ಬಿಚ್ಚಿ ಅಟ್ಟಕ್ಕೆ ಹಾಕುತ್ತೇನೆ. ನಮ್ಮ ಮಳೆಗೆ ಇದು ನಿಲ್ಲುವ ಸಾಮಾನಲ್ಲ.