ಹೊಸ ಪಾಡ್ ಹುಟ್ಟೋದೇ ಇಲ್ಲ, ಎರರ್ರೂ ಕಾಣ್ತಿಲ್ಲ (ಕ್ಯೂಬರ್ನೆಟಿಸ್)

ಗಿರಿಪಾಡ್, ಚಿಕ್ಕಮಗಳೂರು
ಎಲ್ರಿಗೂ ನಮಸ್ಕಾರ. ಮನೇಲಿ 8 ಜಿಬಿಯ ಮೂರು ಹಳೇ ಮಿನಿ ಪಿಸಿ ಮೇಲೆ ಕೆ3ಎಸ್ (ಹಲವು ಮಷಿನ್ ಮೇಲೆ ಆಪ್ ಓಡಿಸಿ ನೋಡ್ಕೊಳೋ ಕ್ಯೂಬರ್ನೆಟಿಸ್‌ನ ಹಗುರ ಆವೃತ್ತಿ) ಹಾಕ್ಕೊಂಡು ನಮ್ಮ ಕಡೆ ಹೋಮ್‌ಸ್ಟೇಗಳಿಗೆ ಬುಕಿಂಗ್ ಆಪ್ ಓಡಿಸ್ತಿದೀನಿ. ಶನಿವಾರ ಬಂತಂದ್ರೆ ಮುಳ್ಳಯ್ಯನಗಿರಿ ರೋಡ್ ತುಂಬ ಕಾರು, ಆಪ್ ಮುಟ್ಟೋ ಹಾಗಿಲ್ಲ, ಅದಕ್ಕೇ ಗುರುವಾರ ರಾತ್ರಿ ಹೊಸ ವರ್ಷನ್ ಏರಿಸೋಕೆ ಕೂತೆ. ಅಪ್ಲೈ ಆಯ್ತು, ಆದ್ರೆ ಹಳೇ ಮೂರು ಪಾಡ್ (ಆಪ್‌ನ ಓಡೋ ಪ್ರತಿಗಳು) ಹಾಗೇ ಓಡ್ತಿವೆ, ಹೊಸದು ಪೆಂಡಿಂಗ್ ಅಂತಾನೂ ಇಲ್ಲ ಕ್ರ್ಯಾಶ್ ಅಂತಾನೂ ಇಲ್ಲ, 10 ನಿಮಿಷ ಆದ್ಮೇಲೆ ಡೆಡ್‌ಲೈನ್ ಮೀರಿತು ಅಂತ ರೋಲ್‌ಔಟ್ (ಹೊಸ ವರ್ಷನ್‌ಗೆ ಬದಲಾಯ್ಸೋ ಕೆಲಸ) ಕೈ ಎತ್ತಿತು. ರ‍್ಯಾಮ್ ನೋಡಿದ್ರೆ ಅರ್ಧಕ್ಕರ್ಧ ಖಾಲಿ.

ಹಾಸನ್ ಆಲೂ
ಪಾಡೇ ಹುಟ್ಟಿಲ್ಲ ಅಂದ್ಮೇಲೆ ಪಾಡ್ ಲಿಸ್ಟಲ್ಲಿ ಏನು ಸಿಗುತ್ತೆ. ಪಾಡ್ ಹುಟ್ಟಿಸೋದು ರೆಪ್ಲಿಕಾಸೆಟ್, ಹೊಸ ರೆಪ್ಲಿಕಾಸೆಟ್ ಡಿಸ್ಕ್ರೈಬ್ ಮಾಡಿ, ಕೆಳಗಿರೋ ಇವೆಂಟ್ಸ್ ಹಾಕಿ.

ಗಿರಿಪಾಡ್
ಸಿಕ್ತು ಸಾರ್! 'ಫರ್ಬಿಡನ್, ಎಕ್ಸೀಡೆಡ್ ಕೋಟಾ', ಅಂದ್ರೆ ಪಾಡುಗಳ ಒಟ್ಟು ಮೆಮೊರಿಗೆ ಇಟ್ಟ ಮಿತಿ ಮೀರುತ್ತೆ ಅಂತ. ಕೇಳಿದ್ದು 512 ಎಂಬಿ, ಬಳಸಿದ್ದು 1536, ಮಿತಿ 1536. ಮೂರು ಪಾಡಿಗೆ 512ರಂತೆ ನಾನೇ ಲೆಕ್ಕ ಹಾಕಿ ಇಟ್ಟಿದ್ದು, ಸರಿ ಇದೆಯಲ್ಲ?

ಕಾಫಿಕಪ್
ಮನೆ ಕ್ಲಸ್ಟರಿಗೆ ಎಂಥ ಕೋಟಾ ಮಾರಾಯ, ಕಿತ್ತಾಕು.

ಗಿರಿಪಾಡ್
ಬೇಡಪ್ಪ, ಹೋದ ಸಲ ಒಂದು ರಿಪೋರ್ಟ್ ಜಾಬ್ ರ‍್ಯಾಮೆಲ್ಲ ನುಂಗಿ ಒಂದು ನೋಡನ್ನೇ (ಒಂದು ಪಿಸಿನೇ) ಮಲಗಿಸಿತ್ತು, ಆವಾಗಿಂದ ಇಟ್ಟಿರೋದು.

ಹಾಸನ್ ಆಲೂ
ಕೋಟಾ ಇರಲಿ. ನಿಮ್ಮ ಲೆಕ್ಕ ಓಡೋಕೆ ಸರಿ, ಬದಲಾಯ್ಸೋಕೆ ಸಾಲಲ್ಲ. ಡೀಫಾಲ್ಟ್ ಮ್ಯಾಕ್ಸ್‌ಸರ್ಜ್ (ಬದಲಾಯ್ಸುವಾಗ ಎಷ್ಟು ಪಾಡ್ ಹೆಚ್ಚಿಗೆ ಇರಬಹುದು), ಮ್ಯಾಕ್ಸ್‌ಅನ್‌ಅವೈಲಬಲ್ (ಎಷ್ಟು ಕಮ್ಮಿ ಇರಬಹುದು) ಎರಡೂ 25%, ಮೂರು ಪಾಡಿದ್ರೆ ಮೊದಲನೇದು ಮೇಲಕ್ಕೆ ರೌಂಡ್ ಆಗಿ 1, ಎರಡನೇದು ಕೆಳಕ್ಕೆ ಹೋಗಿ 0. ಅಂದ್ರೆ ನಾಲ್ಕನೇದು ಬಂದು ರೆಡಿ ಆಗೋವರೆಗೂ ಹಳೇದು ಜಾಗ ಬಿಡಲ್ಲ, ಹಳೇದು ಬಿಡದೆ ನಾಲ್ಕನೇದಕ್ಕೆ ಕೋಟಾ ಇಲ್ಲ. ಮೂರೇ ರೂಮಿನ ಹೋಮ್‌ಸ್ಟೇಲಿ ಹೊಸ ಗೆಸ್ಟ್ ಸೆಟಲ್ ಆದ್ಮೇಲೇ ಹಳಬರು ಚೆಕ್‌ಔಟ್ ಅಂದ ಹಾಗೆ. ಮತ್ತೆ ಕೋಟಾ ನೋಡೋದು ನೀವು ಪಾಡಿಗೆ ಬರೆದ ಮೆಮೊರಿ ಲಿಮಿಟ್, ನಿಜವಾಗಿ ಖಾಲಿ ಇರೋ ರ‍್ಯಾಮ್ ಅಲ್ಲ. ಕೋಟಾ 2048 ಮಾಡಿ, ಇಲ್ಲಾ ಸರ್ಜ್ 0 ಅನ್‌ಅವೈಲಬಲ್ 1 ಕೊಡಿ, ಅಪ್‌ಡೇಟ್ ಟೈಮಲ್ಲಿ ಎರಡೇ ಪಾಡ್ ಇರುತ್ತೆ. ರ‍್ಯಾಮ್ ಇದೆಯಲ್ಲ, ನಾನಾಗಿದ್ರೆ 2048.

ಗಿರಿಪಾಡ್
2048 ಮಾಡ್ದೆ, ತಕ್ಷಣ ಏನೂ ಆಗ್ಲಿಲ್ಲ ಅಂತ ಗಾಬರಿ ಆಯ್ತು, ಕಾಫಿ ಕುಡ್ಕೊಂಡು ಬರೋಷ್ಟ್ರಲ್ಲಿ ತಾನೇ ರೀಟ್ರೈ ಆಗಿ ಮೂರೂ ಬದಲಾಗಿದ್ವು. ಈಗ ಡೇಟಾಬೇಸ್ ಮೈಗ್ರೇಶನ್ ಜಾಬ್‌ದು (ಡೇಟಾಬೇಸ್ ರಚನೆ ಬದಲಾಯ್ಸೋ ಒಂದ್ಸಲದ ಕೆಲಸ) ಬೇರೆ ರಗಳೆ, ಮೆಮೊರಿ ಲಿಮಿಟ್ ಬರೆದಿಲ್ಲ ಅಂತ ಅದರ ಪಾಡನ್ನೂ ಒಳಗೆ ಬಿಡ್ತಿಲ್ಲ.

ಹಾಸನ್ ಆಲೂ
ಅದೂ ಅದೇ ಕೋಟಾದ್ದೇ ಕೆಲಸ. ನೇಮ್‌ಸ್ಪೇಸಿಗೆ (ಕ್ಲಸ್ಟರಲ್ಲಿ ಆ ಕೋಟಾ ಇರೋ ವಿಭಾಗ) ಒಂದು ಲಿಮಿಟ್‌ರೇಂಜ್ (ಲಿಮಿಟ್ ತಾನೇ ತುಂಬೋ ನಿಯಮ) ಹಾಕಿ ಡೀಫಾಲ್ಟ್ 256 ಎಂಬಿ ಕೊಡಿ, ಬರೆಯದೇ ಇರೋವಕ್ಕೆ ಅದೇ ಅಂಟ್ಕೊಳುತ್ತೆ, ಹೊಸದಾಗಿ ಹುಟ್ಟೋ ಪಾಡಿಗೆ ಮಾತ್ರ.

ಗಿರಿಪಾಡ್
ಓಡ್ತು ಸಾರ್. ಕರೆಂಟ್ ಹೋಗೋದ್ರೊಳಗೆ ಬ್ಯಾಕಪ್ ತಗೋತೀನಿ.