ನಿಂಜಾ 1100ಎಸ್‌ಎಕ್ಸ್ ಓಡಿಸಿರೋರು ಸ್ವಲ್ಪ ಹೇಳಿ, 1000ಎಸ್‌ಎಕ್ಸ್ ಕೊಟ್ಟು ತಗೊಳೋಷ್ಟು ವ್ಯತ್ಯಾಸ ಇದೆಯಾ?

ದೂರದಾರಿ:
ನಮಸ್ಕಾರ ಎಲ್ರಿಗೂ. ನನ್ ಹತ್ರ 2021ರ ಕವಾಸಾಕಿ ನಿಂಜಾ 1000ಎಸ್‌ಎಕ್ಸ್ ಇದೆ, ತುಂಬಾ ಇಷ್ಟಪಟ್ಟು ತಗೊಂಡ ಗಾಡಿ, ಇವತ್ತಿಗೂ ಇಷ್ಟಾನೇ. ಈಗ 2025ರ ಮಾಡೆಲಿಂದ ಅದು 1100ಎಸ್‌ಎಕ್ಸ್ ಆಗಿದೆ, 1,043 ಸಿಸಿ ಹೋಗಿ 1,099 ಸಿಸಿ ಬಂದಿದೆ, ಆದ್ರೆ ಪವರ್ ನೋಡಿದ್ರೆ 142 ಪಿಎಸ್ (ಅಂದ್ರೆ ಅಶ್ವಶಕ್ತಿ) ಇದ್ದಿದ್ದು 136ಕ್ಕೆ ಇಳಿದಿದೆ. ಇಂಜಿನ್ ದೊಡ್ಡದಾಗಿ ಪವರ್ ಕಮ್ಮಿ ಆಗೋದು ಅಂದ್ರೆ ಹೇಗೆ ಅಂತ ತಲೆ ಕೆಡ್ತಿದೆ. ನಾನು ಓಡಿಸೋದು ಜಾಸ್ತಿ ಹೈವೇ, ಮಧ್ಯೆ ಮಧ್ಯೆ ಬೆಟ್ಟದ ತಿರುವು, ಹೆಚ್ಚಿನ ಸಲ ಹೆಂಡ್ತಿನೂ ಜೊತೇಲಿ ಇರ್ತಾಳೆ, ಅಕ್ಕಪಕ್ಕದ ಎರಡೂ ಲಗೇಜ್ ಬಾಕ್ಸ್ ತುಂಬಿರುತ್ತೆ. ಬದಲಾಯಿಸ್ಲಾ, ಇದನ್ನೇ ಇಟ್ಕೊಳ್ಲಾ? ತಗೊಂಡ್ರೆ ಮಾಮೂಲಿ ಮಾಡೆಲ್ಲಾ, ಇನ್ನೂ ಒಳ್ಳೇ ಶಾಕ್, ಬ್ರೇಕ್ ಇರೋ ಎಸ್‌ಇನಾ? ಯಮಹಾ ಟ್ರೇಸರ್ 9 ಜಿಟಿ, ಹೋಂಡಾ ಎನ್‌ಟಿ1100 ಕೂಡ ತಲೇಲಿದೆ. ಪೇಪರ್ ಮೇಲಿನ ಲೆಕ್ಕ ಬೇಡ, ಓಡಿಸಿದೋರ ಮಾತು ಬೇಕು.

ಆರನೇ ಗೇರ್:
ಗುರು, ನಾನು ಇದೇ ಬದಲಾವಣೆ ಮಾಡಿದೀನಿ, 1000ಎಸ್‌ಎಕ್ಸ್ ಕೊಟ್ಟು 1100 ತಗೊಂಡೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಪವರ್ ವಿಷಯ. ಬೋರ್ (ಸಿಲಿಂಡರ್ ಅಗಲ) ಹಾಗೇ 77 ಮಿಮೀ ಇದೆ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಮಾತ್ರ 56 ಇದ್ದಿದ್ದು 59 ಮಿಮೀ ಮಾಡಿದಾರೆ. ಹಳೇದ್ರಲ್ಲಿ 142 ಪಿಎಸ್ ಸಿಗ್ತಿದ್ದಿದ್ದು 10,000 ಆರ್‌ಪಿಎಂನಲ್ಲಿ, ಹೊಸದ್ರಲ್ಲಿ 136 ಸಿಗೋದು 9,000ಕ್ಕೆ. ಟಾರ್ಕ್, ಅಂದ್ರೆ ಇಂಜಿನ್ ತಿರುಗಿಸೋ ಬಲ, 8,000ಕ್ಕೆ 111 ಎನ್‌ಎಂ ಇತ್ತು, ಈಗ 7,600ಕ್ಕೆ 113. ಪವರ್ ಅನ್ನೋದು ಟಾರ್ಕನ್ನ ಆರ್‌ಪಿಎಂ ಜೊತೆ ಗುಣಿಸಿದಾಗ ಬರೋ ಲೆಕ್ಕ ಅಷ್ಟೇ, ಮೇಲಿನ ಸಾವಿರ ಆರ್‌ಪಿಎಂ ಬಿಟ್ಟುಕೊಟ್ರೆ ಆ ಸಂಖ್ಯೆ ಇಳಿದೇ ಇಳಿಯುತ್ತೆ. ಈಗ ನೀವೇ ಹೇಳಿ, ಹೆಂಡ್ತಿನ ಕೂರಿಸ್ಕೊಂಡು ಬಾಕ್ಸ್ ತುಂಬ್ಕೊಂಡು ಹೋಗುವಾಗ ಎಷ್ಟು ಸಲ 10,000 ಮುಟ್ಟಿಸಿದೀರಾ? ನಾವು ದಿನವಿಡೀ ಇರೋದು 3,500ರಿಂದ 6,500ರ ಒಳಗೆ, ಕೆಲಸ ಮಾಡಿರೋದು ಅಲ್ಲೇ.

ನಂಗೆ ನಿಜವಾಗ್ಲೂ ಖುಷಿ ಕೊಟ್ಟಿದ್ದು ಓವರ್‌ಟೇಕ್. ಮುಂದೆ ಲಾರಿ ಇದೆ, ಎದುರಿಗೆ ಖಾಲಿ ಆಯ್ತು, ಹಳೇದ್ರಲ್ಲಾದ್ರೆ ಲೋಡ್ ಇದ್ದಾಗ ಒಂದು ಗೇರ್ ಇಳಿಸಿ ಎಳೀತಿದ್ದೆ, ಇದ್ರಲ್ಲಿ ಇರೋ ಗೇರಲ್ಲೇ ಥ್ರಾಟಲ್ ತಿರುಗಿಸಿದ್ರೆ ಸಾಕು ಹೊರಟೋಗುತ್ತೆ. ಜೊತೆಗೆ 5 ಮತ್ತೆ 6ನೇ ಗೇರನ್ನ ಉದ್ದ ಮಾಡಿದಾರೆ, ಅದ್ರಿಂದ ಅದೇ ಸ್ಪೀಡಿಗೆ ಇಂಜಿನ್ ಕಮ್ಮಿ ತಿರುಗುತ್ತೆ, ಹ್ಯಾಂಡಲ್ ಮತ್ತೆ ಫುಟ್‌ಪೆಗ್ಗಲ್ಲಿ ಬರ್ತಿದ್ದ ಆ ಸಣ್ಣ ಜುಮುಜುಮು ಕಮ್ಮಿ ಆಗಿದೆ, ಸಂಜೆ ಇಳಿದಾಗ ಬಲಗೈ ಬೆರಳು ಮರಗಟ್ಟಿರಲ್ಲ. ಉದ್ದ ಹೋಗೋರಿಗೆ 6 ಪಿಎಸ್‌ಗಿಂತ ಇದು ಎಷ್ಟೋ ಮುಖ್ಯ.

ಕ್ಲಚ್ ಹಿಡಿಯದೇ ಗೇರ್ ಬದಲಾಯಿಸೋ ಕ್ವಿಕ್‌ಶಿಫ್ಟರ್ ಇನ್ನೊಂದು. ಹಳೇದು 2,500 ಆರ್‌ಪಿಎಂ ಮೇಲೆ ಮಾತ್ರ ಕೆಲಸ ಮಾಡ್ತಿತ್ತು, ಈಗ 1,500ರಿಂದ್ಲೇ. ಊರೊಳಗೆ ನಿಧಾನಕ್ಕೆ ಹೋಗುವಾಗ ಕ್ಲಚ್ ಹಿಡಿಯೋ ಕೆಲಸ ಕಮ್ಮಿ. ಆದ್ರೂ ಒಂದನೇ ಗೇರಿಂದ ಎರಡಕ್ಕೆ ಹೋಗುವಾಗ ನಾನು ಕ್ಲಚ್ಚೇ ಹಿಡೀತೀನಿ, ಹಿಂದೆ ಜನ ಇದ್ದಾಗ ಅದೇ ಮೆತ್ತಗೆ.

ಕ್ರೂಸ್ ಕಂಟ್ರೋಲ್, ರೈಡ್ ಮೋಡ್, ಟ್ರಾಕ್ಷನ್ ಕಂಟ್ರೋಲ್ ಎಲ್ಲಾ ನಿಮ್ಮ ಗಾಡೀಲೂ ಇದೆ, ಅದಕ್ಕೋಸ್ಕರ ಬದಲಾಯಿಸ್ಬೇಡಿ. ಚಾರ್ಜಿಂಗಿಗೆ ಯುಎಸ್‌ಬಿ-ಸಿ ಕೊಟ್ಟಿದಾರೆ, ಒಳ್ಳೇದೇ. ಟ್ಯಾಂಕ್ ಅದೇ 19 ಲೀಟರ್.

ರೆಡ್‌ಲೈನ್:
ಮೇಲಿನವ್ರು ಹೇಳಿದ್ದು ಪಿಲಿಯನ್ (ಹಿಂದೆ ಕೂರೋರು) ಜೊತೆ ಹೋಗೋರಿಗೆ ಸರಿ. ನಾನು ಒಬ್ನೇ ಓಡಿಸೋನು, ಎರಡೂ ಓಡಿಸಿ ನೋಡಿ 1000ಎಸ್‌ಎಕ್ಸನ್ನೇ ಇಟ್ಕೊಂಡೆ. ಹಳೇ ಇಂಜಿನ್ 8,000 ದಾಟಿದ ಮೇಲೆ ಇನ್ನೂ ಓಡ್ಬೇಕು ಅಂತ ಹಠ ಮಾಡುತ್ತೆ, ಆ ಕೂಗು, ಆ ಎಳೆತ ನಂಗೆ ಬೇಕು. ಹೊಸದು ಅಲ್ಲಿಗೆ ಹೋಗೋ ಮುಂಚೆನೇ ಕೆಲಸ ಮುಗಿಸಿಬಿಡುತ್ತೆ. ವೇಗ ಕಮ್ಮಿ ಅಂತಲ್ಲ, ಸ್ವಭಾವ ಬೇರೆ. ಇನ್‌ಲೈನ್ ಫೋರ್ (ಸಾಲಾಗಿ ನಾಲ್ಕು ಸಿಲಿಂಡರ್ ಇರೋ ಇಂಜಿನ್) ತಗೊಳೋದೇ ಮೇಲಿನ ಆರ್‌ಪಿಎಂಗೋಸ್ಕರ ಅನ್ನೋ ನನ್ನಂಥೋರು ಬದಲಾಯಿಸೋ ಮುಂಚೆ ಓಡಿಸಿ ನೋಡ್ಲೇಬೇಕು.

ಹಿಂದಿನ ಸೀಟು:
ಇಲ್ಲಿ ಎಲ್ರೂ ಮುಂದೆ ಕೂರೋರೇ ಬರೀತಿದೀರಾ, ನಾನು ಹಿಂದೆ ಕೂರೋಳು, ನಮ್ಮನೆಯವ್ರದ್ದು 1100ಎಸ್‌ಎಕ್ಸ್, ಅದಕ್ಕೆ ಮುಂಚೆ 1000 ಇತ್ತು. ದೂರದಾರಿ ಅಣ್ಣ, ಅತ್ತಿಗೆನ ಕೇಳಿದೀರಾ ಮೊದ್ಲು?

ಹಿಂದೆ ಕೂರೋರಿಗೆ ಎರಡೂ ಗಾಡಿ ಸೀಟ್ ಹೆಚ್ಚು ಕಮ್ಮಿ ಒಂದೇ ಥರ. ಸ್ವಲ್ಪ ಎತ್ತರ, ಮಂಡಿ ಚೆನ್ನಾಗಿ ಮಡಚ್ಬೇಕು, ಸ್ಪೋರ್ಟ್ ಬೈಕ್‌ಗಿಂತ ಸಾವಿರ ಪಾಲು ಮೇಲು ಆದ್ರೆ ದೊಡ್ಡ ಟೂರಿಂಗ್ ಗಾಡಿಯ ಸೋಫಾ ಅಂದ್ಕೋಬೇಡಿ. ನಂಗೆ ಗೊತ್ತಾದ ದೊಡ್ಡ ವ್ಯತ್ಯಾಸ ಅಂದ್ರೆ ತಲೆ. ಮೊದ್ಲು ಪ್ರತಿ ಗೇರ್ ಬದಲಾಯಿಸಿದಾಗ್ಲೂ ನನ್ ಹೆಲ್ಮೆಟ್ ಹೋಗಿ ಅವ್ರ ಹೆಲ್ಮೆಟ್ಟಿಗೆ ಟಕ್ ಅಂತ ತಾಗ್ತಿತ್ತು, ಈಗ ಗೇರ್ ಬದಲಾಯಿಸೋದೇ ಕಮ್ಮಿ ಆಗಿರೋದ್ರಿಂದ ಅದು ಬಹಳ ಕಮ್ಮಿ ಆಗಿದೆ. ಬೆಟ್ಟ ಹತ್ತುವಾಗ ಗೊತ್ತಾಗುತ್ತೆ, ಒಂದೇ ಗೇರಲ್ಲಿ ಸರಾಗವಾಗಿ ಹೋಗ್ತಿರುತ್ತೆ, ನಾನು ಅಕ್ಕಪಕ್ಕ ನೋಡ್ಕೊಂಡು ಕೂರಬಹುದು.

ಬಾಕ್ಸ್ ಬಗ್ಗೆ ಒಂದು ಮಾತು. ಒಂದೊಂದು 28 ಲೀಟರ್, ಫುಲ್ ಫೇಸ್ ಹೆಲ್ಮೆಟ್ ಒಂದು ಹಿಡಿಯುತ್ತೆ. ಭಾರದ್ದೆಲ್ಲ ಅದ್ರ ತಳದಲ್ಲಿ ಇಡಿ, ಎರಡೂ ಕಡೆ ತೂಕ ಸಮ ಇರ್ಲಿ. ಹಿಂದೆ ಟಾಪ್ ಬಾಕ್ಸ್ ಹಾಕಿಸಿ ಅದನ್ನ ಒರಗು ದಿಂಬಿನ ಥರ ಬಳಸೋಣ ಅಂತ ಸುಮಾರು ಜನ ಅಂದ್ಕೋತಾರೆ, ಆದ್ರೆ ಅಷ್ಟು ಹಿಂದೆ ಅಷ್ಟು ಎತ್ತರದಲ್ಲಿ ಭಾರ ಹಾಕಿದ್ರೆ ಮುಂದಿನ ಚಕ್ರ ಹಗುರ ಆಗುತ್ತೆ, ಹ್ಯಾಂಡಲ್ ತೇಲಿದ ಹಾಗೆ ಅನ್ನಿಸುತ್ತೆ ಅಂತ ನಮ್ಮನೆಯವ್ರು ತೆಗೆಸಿದ್ರು. ಆ ಒರಗು ಹೋಯ್ತು ಅಂತ ನಂಗೆ ಇನ್ನೂ ಬೇಜಾರಿದೆ, ಆದ್ರೆ ಗಾಡಿ ನೆಟ್ಟಗೆ ಹೋಗೋದು ಗೊತ್ತಾಗುತ್ತೆ.

ಸ್ಯಾಗ್ ನೋಡ್ರಪ್ಪಾ:
ಎಸ್‌ಇ ಬಗ್ಗೆ ಕೇಳಿದೀರಲ್ಲ, ನನ್ನದು ಎಸ್‌ಇ. ಅದ್ರಲ್ಲಿ ಹಿಂದೆ ಓಲಿನ್ಸ್ ಎಸ್46 ಶಾಕ್, ಮುಂದೆ ಬ್ರೆಂಬೋ 4.32 ಕ್ಯಾಲಿಪರ್, ಸ್ಟೀಲ್ ಹೆಣೆದ ಬ್ರೇಕ್ ಲೈನ್. ಮುಂದಿನ ಫೋರ್ಕ್ ಓಲಿನ್ಸ್ ಅಲ್ಲ, ಅದು ಸುಮಾರು ಜನಕ್ಕೆ ಗೊತ್ತಿರಲ್ಲ. ಹಿಂದಿನ ಡಿಸ್ಕ್ 250 ಇದ್ದಿದ್ದು 260 ಮಿಮೀ ಆಗಿರೋದು ಮಾಮೂಲಿ ಮಾಡೆಲಲ್ಲೂ ಇದೆ, ಲೋಡ್ ಹಾಕ್ಕೊಂಡು ಇಳಿಜಾರಲ್ಲಿ ಬರುವಾಗ ಹಿಂದಿನ ಬ್ರೇಕ್ ಬಳಸೋರಿಗೆ ಅದು ಒಳ್ಳೇ ಸುದ್ದಿ.

ಬ್ರೇಕ್ ಲಿವರ್ ಹಿಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ, ಒಂದೇ ಬೆರಳಲ್ಲಿ ಎಷ್ಟು ಬೇಕೋ ಅಷ್ಟು. ಶಾಕ್ ಕೂಡ ಚಿಕ್ಕ ಚಿಕ್ಕ ಏರುತಗ್ಗನ್ನ ಚೆನ್ನಾಗಿ ನುಂಗುತ್ತೆ. ಆದ್ರೆ ಮನಸಿಂದ ಒಂದು ಮಾತು ಹೇಳ್ತೀನಿ, ಎಸ್‌ಇ ತಗೊಂಡು ಪ್ರೀಲೋಡ್ (ಶಾಕ್ ಸ್ಪ್ರಿಂಗನ್ನ ಮೊದಲೇ ಎಷ್ಟು ಒತ್ತಿಡೋದು ಅನ್ನೋ ಸೆಟ್ಟಿಂಗ್) ಮುಟ್ಟದೇ ಓಡಿಸೋರಿಗಿಂತ ಮಾಮೂಲಿ ಮಾಡೆಲ್ ತಗೊಂಡು ಸರಿಯಾಗಿ ಸೆಟ್ ಮಾಡ್ಕೊಂಡಿರೋರ ಗಾಡಿ ಚೆನ್ನಾಗಿ ಹೋಗುತ್ತೆ. ದೂರದಾರಿ ಅವ್ರೇ, ನಿಮ್ 1000ಎಸ್‌ಎಕ್ಸಲ್ಲೂ ಹಿಂದಿನ ಪ್ರೀಲೋಡಿಗೆ ಕೈಯಲ್ಲೇ ತಿರುಗಿಸೋ ನಾಬ್ ಇದೆ, ಅದನ್ನ ತಿರುಗಿಸ್ತೀರಾ? ಹಿಂದೆ ಒಬ್ರು ಕೂತು ಎರಡು ಬಾಕ್ಸ್ ತುಂಬಿದ್ರೆ ಹಿಂಭಾಗ ಕೂತುಬಿಡುತ್ತೆ, ಆಗ ಮುಂಭಾಗ ಮೇಲಕ್ಕೆ ಎದ್ದು ತಿರುವಲ್ಲಿ ಗಾಡಿ ಹೊರಗೆ ಹೊರಗೆ ಹೋಗುತ್ತೆ, ರಾತ್ರಿ ಹೆಡ್‌ಲೈಟ್ ಎದುರಿನವ್ರ ಕಣ್ಣಿಗೆ ಹೊಡೆಯುತ್ತೆ. ಜನ ಅದನ್ನ ಗಾಡಿಯ ದೋಷ ಅಂದ್ಕೊಂಡು ಹೊಸ ಮಾಡೆಲ್ ನೋಡೋಕೆ ಶುರು ಮಾಡ್ತಾರೆ.

ಅಳತೆ ತಗೊಳೋದು ಕಷ್ಟ ಇಲ್ಲ. ಹಿಂದಿನ ಚಕ್ರ ನೆಲ ಬಿಟ್ಟು ನೇತಾಡೋ ಹಾಗೆ ಎತ್ತಿಸಿ, ಆಕ್ಸಲ್ಲಿಂದ ಮೇಲಿನ ಒಂದು ಗುರುತಿಗೆ ಅಳೀರಿ. ಆಮೇಲೆ ಇಬ್ರೂ ಜಾಕೆಟ್, ಹೆಲ್ಮೆಟ್ ಎಲ್ಲಾ ಹಾಕ್ಕೊಂಡು, ಬಾಕ್ಸ್ ತುಂಬಿಸಿ ಕೂತಾಗ ಇನ್ನೊಬ್ರ ಕೈಲಿ ಮತ್ತೆ ಅಳೆಸಿ. ಎರಡರ ವ್ಯತ್ಯಾಸ, ಇದನ್ನೇ ಸ್ಯಾಗ್ ಅನ್ನೋದು, ರೋಡ್ ಬೈಕಿಗೆ ಸಾಮಾನ್ಯವಾಗಿ 30ರಿಂದ 40 ಮಿಮೀ ಹತ್ರ ಇರ್ಬೇಕು. ಜಾಸ್ತಿ ಇದ್ರೆ ಪ್ರೀಲೋಡ್ ಏರಿಸಿ. ಪ್ರೀಲೋಡ್ ಏರಿಸಿದ ಮೇಲೆ ಹಂಪ್ ದಾಟಿದಾಗ ಹಿಂಭಾಗ ಎಗರಿದ ಹಾಗೆ ಆದ್ರೆ ರೀಬೌಂಡ್ (ಸ್ಪ್ರಿಂಗ್ ವಾಪಸ್ ಬಿಚ್ಚೋ ವೇಗ ತಡೆಯೋ ಸೆಟ್ಟಿಂಗ್) ಸ್ವಲ್ಪ ಬಿಗಿ ಮಾಡಿ, ಒಂದೊಂದೇ ಕ್ಲಿಕ್ ಮಾಡಿ ಓಡಿಸಿ ನೋಡಿ. ಇದಾದ್ಮೇಲೂ ನಿಮ್ಗೆ ಸಮಾಧಾನ ಆಗ್ಲಿಲ್ಲ ಅಂದ್ರೆ ಆಗ ಎಸ್‌ಇ ಯೋಚ್ನೆ ಮಾಡಿ.

ಮಳೆಗಾಲ:
ಟೈರ್ ಬಗ್ಗೆ ಯಾರೂ ಹೇಳ್ಲಿಲ್ಲ. ಹೊಸದ್ರಲ್ಲಿ ಬರೋದು ಬ್ರಿಡ್ಜ್‌ಸ್ಟೋನ್ ಎಸ್23, ಅದು ಸ್ಪೋರ್ಟ್ ಟೈರ್, ತಿರುವಲ್ಲಿ ಅದ್ಭುತ. ಆದ್ರೆ ಲೋಡ್ ಹಾಕ್ಕೊಂಡು ಬರೀ ನೇರ ಹೈವೇನಲ್ಲೇ ಹೋದ್ರೆ ಮಧ್ಯ ಭಾಗ ಚಪ್ಪಟೆ ಆಗುತ್ತೆ, ಆಮೇಲೆ ಬಾಗಿಸುವಾಗ ಅಂಚಿಂದ ಬಿದ್ದ ಹಾಗೆ ಅನ್ನಿಸುತ್ತೆ. ನಾನು ಸ್ಪೋರ್ಟ್ ಟೂರಿಂಗ್ ಟೈರಿಗೆ ಬಂದ್ಮೇಲೆ, ನಂದು ಮಿಶೆಲಿನ್ ರೋಡ್ 6, ಒದ್ದೆ ರೋಡಲ್ಲಿ ಧೈರ್ಯ ಬಂತು. ಸೈಜ್ 120/70 17 ಮುಂದೆ, 190/50 17 ಹಿಂದೆ, ಹಳೇದಕ್ಕೂ ಅದೇ. ನಿಮ್ ಹಳೇ ಟೈರ್ ಸವೆದಿದ್ರೆ ಅದ್ರ ಮೇಲೆ ಕೂತು ಹೊಸ ಗಾಡಿ ಜೊತೆ ಹೋಲಿಸ್ಬೇಡಿ, ಹೊಸ ಟೈರ್ ಹಾಕಿದ ಯಾವ ಗಾಡಿನೂ ಹೊಸ ಗಾಡಿ ಥರಾನೇ ಇರುತ್ತೆ.

ವಿಂಡ್‌ಸ್ಕ್ರೀನ್ ನಾಲ್ಕು ಹಂತ, ಕೈಯಲ್ಲೇ ಬದಲಾಯಿಸೋದು, ಗಾಡಿ ನಿಲ್ಲಿಸಿನೇ ಮಾಡಿ. ಎತ್ತರ ಇದ್ದಷ್ಟೂ ಒಳ್ಳೇದು ಅಂತ ಏನಿಲ್ಲ, ಗಾಳಿ ಎದೆಗೆ ಹೊಡೆದ್ರೆ ತಡ್ಕೋಬಹುದು, ಹೆಲ್ಮೆಟ್ ತುದಿಗೆ ಸುಳಿ ಬಂದು ಹೊಡೆದ್ರೆ ಕುತ್ತಿಗೆ ನೋವು ಗ್ಯಾರಂಟಿ. ಸ್ಕ್ರೀನ್ ಯಾವುದೇ ಇರ್ಲಿ, ಕಿವಿಗೆ ಇಯರ್‌ಪ್ಲಗ್ ಹಾಕ್ಕೊಳ್ಳಿ, ಗಾಳಿ ಸದ್ದೇ ಅರ್ಧ ಸುಸ್ತು ಮಾಡೋದು.

ಶಾಫ್ಟ್ ಡ್ರೈವ್:
ಬೇರೆ ಗಾಡಿ ಬಗ್ಗೆ ನಾನು ಹೇಳ್ತೀನಿ, ಸ್ನೇಹಿತರ ಗಾಡಿಗಳನ್ನ ಬದಲಾಯಿಸ್ಕೊಂಡು ಓಡಿಸೋ ಅವಕಾಶ ಸಿಕ್ಕಿದೆ. ಟ್ರೇಸರ್ 9 ಜಿಟಿ 890 ಸಿಸಿ ಮೂರು ಸಿಲಿಂಡರ್, 119 ಪಿಎಸ್, 93 ಎನ್‌ಎಂ. ನೆಟ್ಟಗೆ ಕೂರೋ ಗಾಡಿ, ಸಸ್ಪೆನ್ಷನ್ ಎಲೆಕ್ಟ್ರಾನಿಕ್, 2025ರಿಂದ ಮ್ಯಾಟ್ರಿಕ್ಸ್ ಹೆಡ್‌ಲೈಟ್ (ಎದುರಿನವ್ರ ಕಡೆ ಮಾತ್ರ ಬೆಳಕು ತಾನೇ ಕಮ್ಮಿ ಮಾಡೋದು) ಬಂದಿದೆ, ರಾತ್ರಿ ಓಡಿಸೋರು ಅದನ್ನ ಒಂದ್ಸಲ ನೋಡ್ಲೇಬೇಕು. ಎನ್‌ಟಿ1100 ಅಂದ್ರೆ 1,084 ಸಿಸಿ ಎರಡು ಸಿಲಿಂಡರ್, 102 ಪಿಎಸ್, ಡಿಸಿಟಿ (ತಾನೇ ಗೇರ್ ಬದಲಾಯಿಸೋ ಗೇರ್‌ಬಾಕ್ಸ್) ತಗೊಂಡ್ರೆ ಕ್ಲಚ್ ಲಿವರೇ ಇಲ್ಲ, ಹಿಂದೆ ಕೂರೋರ ತಲೆ ಟಕ್ ಅನ್ನೋ ಸಮಸ್ಯೆನೇ ಇರಲ್ಲ. ಪಿಲಿಯನ್ ಆರಾಮ ಒಂದೇ ಮುಖ್ಯ ಅಂದ್ರೆ ಇವೆರಡ್ರಲ್ಲಿ ನನ್ನ ಓಟು ಎನ್‌ಟಿಗೆ. ಮುಂದಕ್ಕೆ ಬಾಗಿ ಇನ್‌ಲೈನ್ ಫೋರ್ ಎಳೆಯೋ ಮಜಾ ಬೇಕು ಅಂದ್ರೆ ಎರಡೂ ಕೊಡಲ್ಲ.

ಇವೆಲ್ಲ ಚೈನ್ ಗಾಡಿಗಳು. ದಿನಾ ಸಂಜೆ ಚೈನ್ ಲೂಬ್ ಮಾಡೋದು ಬೇಡ ಅನ್ನೋರಿಗೆ ಬಿಎಂಡಬ್ಲ್ಯೂ ಆರ್1300 ಆರ್‌ಟಿ ಥರದ ಶಾಫ್ಟ್ ಗಾಡಿ (ಚೈನ್ ಬದಲು ಒಂದು ದಂಡ ಹಿಂದಿನ ಚಕ್ರ ತಿರುಗಿಸುತ್ತೆ) ಇದೆ, 149 ಎನ್‌ಎಂ, ಆದ್ರೆ ತೂಕ 281 ಕೆಜಿ, ಇಳಿಜಾರಲ್ಲಿ ಪಾರ್ಕ್ ಮಾಡಿ ಹಿಂದಕ್ಕೆ ತಳ್ಳೋವಾಗ ಅದು ನೆನಪಾಗುತ್ತೆ.

ದೂರದಾರಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರಾ ಅಂದ್ಕೊಂಡಿರ್ಲಿಲ್ಲ. ಹೆಂಡ್ತಿಗೆ ಪೂರ್ತಿ ಓದಿ ಹೇಳಿದೆ, ಹೆಲ್ಮೆಟ್ ಟಕ್ ಅನ್ನೋದು ಕೇಳಿ ನಂಗೂ ಅದೇ ಅಂದ್ಲು. ಮೊದಲು ಟೈರ್ ಹಾಕಿಸಿ ಸ್ಯಾಗ್ ಸೆಟ್ ಮಾಡಿಸ್ತೀನಿ, ಆಮೇಲೆ ಇಬ್ರೂ ಹೋಗಿ 1100 ಮತ್ತೆ ಎನ್‌ಟಿ ಎರಡೂ ಓಡಿಸ್ತೀವಿ. ಟೆಸ್ಟ್ ರೈಡಲ್ಲಿ ಏನೇನು ನೋಡ್ಬೇಕು?

ಆರನೇ ಗೇರ್:
ಇಬ್ರೇ ಹೋಗಿ, ಶೋರೂಮಿನವ್ರನ್ನ ಹಿಂದೆ ಕೂರಿಸ್ಕೋಬೇಡಿ. ಹೊರಡೋ ಮುಂಚೆ ಹಿಂದಿನ ಪ್ರೀಲೋಡ್ ಇಬ್ರಿಗೆ ಏರಿಸಿಕೊಡಿ ಅಂತ ಕೇಳಿ, ಟೈರ್ ಪ್ರೆಷರ್ ನೋಡಿಸಿ. ನೇರ ರೋಡ್ ಸಿಕ್ಕಾಗ 5ನೇ ಗೇರಲ್ಲಿ 60ಕ್ಕೆ ಬಂದು ಗೇರ್ ಇಳಿಸದೆ 100ಕ್ಕೆ ಎಳೀರಿ, ಆಮೇಲೆ ನಿಮ್ 1000ದಲ್ಲೂ ಅದೇ ರೋಡಲ್ಲಿ ಅದೇ ಥರ ಮಾಡಿ ನೋಡಿ. ವಾಪಸ್ ಬಂದ್ಮೇಲೆ ಅತ್ತಿಗೆ ಏನಂದ್ರು ಅಂತ ಇಲ್ಲಿ ಹಾಕಿ.