ಪೊರೆ ಸುಟ್ಟಿದ್ದು ಯಾರು? ಹಾವಿನ ಮದುವೆ ಕಥೆಗೆ ಯಾವ ನಂಬರು

ಗಾಂಧಿಬಜಾರ್_ಓದುಗ:
ಬೆಂಗಳೂರಿನ ಸುತ್ತಮುತ್ತ ರೆಕಾರ್ಡ್ ಮಾಡಿದ ಎರಡು ಕಥೆಗಳಿಗೆ ವರ್ಗಸಂಖ್ಯೆ ಹಾಕಬೇಕು. ಒಂದರಲ್ಲಿ ಮಕ್ಕಳಿಲ್ಲದವರಿಗೆ ಹಾವು ಹುಟ್ಟುತ್ತೆ. ಹೆಣ್ಣು ತಂದು ಮದುವೆ ಮಾಡ್ತಾರೆ, ರಾತ್ರಿ ಅದು ಪೊರೆ ಬಿಟ್ಟು ಗಂಡಸಾಗುತ್ತೆ. ಇನ್ನೊಂದರಲ್ಲಿ ಹೆಂಡತಿಯೇ ಹಾವು. ಎರಡಕ್ಕೂ ಬಿ600 ಅಂತ ಬರೆದರೆ ಸಾಕಾ? ಕಪ್ಪೆ ಮದುವೆ, ಅರಳಿ-ಬೇವಿನ ಮದುವೆ, ನಾಯಿ ಮದುವೆಯ ಪೇಪರ್ ಕಟಿಂಗುಗಳೂ ಇವೆ. ಎಲ್ಲವನ್ನೂ ಒಂದೇ ಅಧ್ಯಾಯಕ್ಕೆ ತುಂಬಬಹುದಾ?

ಕಥೆಗಂಟು:
ಸಾಲದು ಸರ್. ಬಿ600 ಜಾನಪದ ವಿದ್ವಾಂಸ ಥಾಮ್ಸನ್ನರ ಆಶಯ ಸೂಚಿಯದು (ಆಶಯ ಅಂದರೆ ಮೋಟಿಫ್, ಕಥೆಕಥೆಗಳಲ್ಲಿ ಮರಳಿ ಬರೋ ಒಂದು ಬಿಡಿ ಅಂಶ), ಮನುಷ್ಯ-ಪ್ರಾಣಿ ಮದುವೆ ಅನ್ನೋ ಒಂದು ಆಶಯವನ್ನಷ್ಟೇ ಗುರುತಿಸುತ್ತೆ. ಇಡೀ ಕಥೆಯ ವರ್ಗಕ್ಕೆ ಆರ್ನೆ-ಥಾಮ್ಸನ್-ಊಥರ್ ಸೂಚಿ (2004) ನೋಡಿ, ಕೆಳಗಿನ ನಂಬರೆಲ್ಲ ಅದರದ್ದೇ.

ಗಂಡ ಹಾವಾಗಿದ್ದರೆ ಮೊದಲು ಕೇಳಬೇಕಾದ್ದು, ಪೊರೆ ಸುಟ್ಟಿದ್ದು ಯಾರು, ಆಮೇಲೆ ಏನಾಯ್ತು ಅಂತ. ಹೆಂಡತಿ ಸುಟ್ಟು, ಗಂಡ ಮಾಯವಾಗಿ, ಅವಳು ಹುಡುಕಿಕೊಂಡು ಹೊರಟರೆ 425ಎ. ಸುಟ್ಟ ಮೇಲೂ ಗಂಡಸಾಗಿ ಮನೇಲೇ ಉಳಿದರೆ 433ಬಿ ಕಡೆ ವಾಲುತ್ತೆ. ಪಂಚತಂತ್ರದ ಹಾವುಮಗನ ಕಥೆಯಲ್ಲಿ ಪೊರೆಯನ್ನು ಬೆಂಕಿಗೆ ಹಾಕೋದು ಅಪ್ಪ, ಮಗ ಮನುಷ್ಯನಾಗೇ ಉಳೀತಾನೆ. ಹೊಟ್ಟೆಕಿಚ್ಚಿನ ಇನ್ನೊಬ್ಬಳು ತನಗೂ ಹಾವಿನ ಗಂಡ ಬೇಕೆಂದು ನಿಜವಾದ ಹಾವಿನ ಬಾಯಿಗೆ ಬಿದ್ದರೆ 433ಸಿ, ನಮ್ಮ ದೇಶದಲ್ಲಿ ಚೆನ್ನಾಗಿ ಓಡಾಡಿರೋ ಕಥೆ.

ಹೆಂಡತಿ ಹಾವಾಗಿ ಗಂಡನಿಗೆ ಕೇಡು ತರುವವಳಾದರೆ 411. ಅದರ ಗುರುತು ಉಪ್ಪು: ಅಡುಗೆಗೆ ಉಪ್ಪು ಸುರಿದು, ಮನೇಲಿ ತೊಟ್ಟು ನೀರೂ ಇಲ್ಲದಂತೆ ಮಾಡಿ, ರಾತ್ರಿ ಬಾಯಾರಿ ಅವಳು ನಿಜರೂಪಕ್ಕೆ ತಿರುಗೋದನ್ನ ಗಂಡ ಕದ್ದು ನೋಡ್ತಾನೆ. ಕೇಡಿಲ್ಲದ ಪ್ರಾಣಿವಧುವಾದರೆ 402.

ಇನ್ನೊಂದು ಮಾತು. ಹಾವು ಗಂಡನ ರೂಪ ತಾಳಿ ರಾತ್ರಿ ಬರೋ ಕಥೆಯನ್ನ (ಕಾರ್ನಾಡರು ನಾಟಕ ಮಾಡಿದ್ದು) ದಯವಿಟ್ಟು ಇದರ ಜೊತೆ ಕಟ್ಟಬೇಡಿ. ಅಲ್ಲಿ ತಾಳಿ ಕಟ್ಟಿದವನು ಮನುಷ್ಯ.

ಅರಳಿಕಟ್ಟೆ:
ಕಟಿಂಗುಗಳಲ್ಲಿ ಅರ್ಧ ನಿಮ್ಮ ವಿಷಯವೇ ಅಲ್ಲ. ಕಪ್ಪೆ ಮದುವೇಲಿ ವಧು-ವರ ಇಬ್ಬರೂ ಕಪ್ಪೆ, ಕಟ್ಟೆ ಮೇಲೆ ಇಬ್ಬರೂ ಮರ. ಮನುಷ್ಯರು ಬರೀ ಬೀಗರು. 2019ರ ಜೂನಿನಲ್ಲಿ ಉಡುಪಿಯಲ್ಲಿ ವರುಣ-ವರ್ಷಾ ಅನ್ನೋ ಕಪ್ಪೆಗಳ ಮದುವೆ ಆಗಿದ್ದು ಮಳೆಗಾಗಿ. ಅದೇ ವರ್ಷ ಭೋಪಾಲಿನಲ್ಲಿ ಮಳೆ ಮಿತಿಮೀರಿ ಕಪ್ಪೆಗಳಿಗೆ ವಿಚ್ಛೇದನವನ್ನೂ ಕೊಡಿಸಿದರು! (ಅರಿಸಿನ-ಕುಂಕುಮ ಕಪ್ಪೆಗೆ ಹಚ್ಚಬಾರದು. ಅದು ಚರ್ಮದಿಂದಲೂ ಉಸಿರಾಡುತ್ತೆ, ಚರ್ಮ ಒದ್ದೆಯಾಗೇ ಇರಬೇಕು.)

ನಾಯಿ ಮದುವೆ ಮಾತ್ರ ಇಟ್ಟುಕೊಳ್ಳಿ. ಜಾರ್ಖಂಡ್-ಒಡಿಶಾದ ಹೋ, ಸಂತಾಲ ಬುಡಕಟ್ಟುಗಳಲ್ಲಿ ಮಗುವಿಗೆ ಮೊದಲ ಹಲ್ಲು ಮೇಲಿನ ವಸಡಿನಲ್ಲಿ ಬಂದರೆ ಗಂಡಾಂತರ ಅಂತ ನಂಬಿಕೆ. ಅದನ್ನ ಕಳೆಯೋಕೆ ಹುಡುಗಿಗೆ ಗಂಡುನಾಯಿ, ಹುಡುಗನಿಗೆ ಹೆಣ್ಣುನಾಯಿ ಜೊತೆ ಮದುವೆ. ದೋಷ ನಾಯಿಗೆ ಹೋಯ್ತು, ಮಗು ಬೆಳೆದ ಮೇಲೆ ಮನುಷ್ಯರನ್ನೇ ಮದುವೆಯಾಗುತ್ತೆ, ಬಿಡುಗಡೆ ಪತ್ರ ಬೇಕಿಲ್ಲ. ನಮ್ಮಲ್ಲಿ ಮೂರನೇ ಮದುವೆಗೆ ಮುಂಚೆ ಎಕ್ಕದ ಗಿಡಕ್ಕೆ ತಾಳಿ ಕಟ್ಟುವ ಅರ್ಕವಿವಾಹದ ಲೆಕ್ಕವೂ ಇದೇ.

ಅಂದರೆ ಕಥೆಯಲ್ಲಿ ಪ್ರಾಣಿ ಮನುಷ್ಯನಾಗಲೇಬೇಕು, ಆಚರಣೆಯಲ್ಲಿ ಪ್ರಾಣಿಯಾಗೇ ಉಳಿಯಬೇಕು. ನಾಯಿ ಮನುಷ್ಯನಾದರೆ ದೋಷ ಹೊರೋರು ಯಾರು? ಅಧ್ಯಾಯ ಎರಡು ಮಾಡಿ.

ಮೂಲೆಮನೆ:
ಮೆಕ್ಸಿಕೋದ ಸಾನ್ ಪೆದ್ರೊ ಉಆಮೆಲುಲಾ ಇದಕ್ಕೆ ಸಿಕ್ಕೋದಿಲ್ಲ. ಅಲ್ಲಿ ಮೇಯರ್ ಹೆಣ್ಣು ಕೇಮನ್ ಮೊಸಳೆಗೆ ಬಿಳಿ ಬಟ್ಟೆ ಉಡಿಸಿ, ಮೂತಿ ಕಟ್ಟಿ ಮದುವೆಯಾಗೋದು ದೋಷಕ್ಕಲ್ಲ, ಚೊಂತಾಲ್ ಮತ್ತು ಉಆವೆ ಜನರ ಹಳೇ ರಾಜಿಯ ನೆನಪಿಗೆ, ಜೊತೆಗೆ ಮಳೆ-ಮೀನಿಗೆ.

402ರ ಪಕ್ಕ ಮಹಾಭಾರತದ ವನಪರ್ವದ ಸುಶೋಭನೆಯನ್ನೂ ನೋಡಿ. ಇಕ್ಷ್ವಾಕು ವಂಶದ ಪರೀಕ್ಷಿತನಿಗೆ ಅವಳು ಹಾಕಿದ ಷರತ್ತು ಒಂದೇ, ನೀರು ತೋರಿಸಬಾರದು. ಅವನೇ ಮರೆತು ಕೊಳಕ್ಕಿಳಿ ಅಂದ, ಮುಳುಗಿದವಳು ಏಳಲಿಲ್ಲ. ನೀರು ಖಾಲಿ ಮಾಡಿಸಿದರೆ ಸಿಕ್ಕಿದ್ದು ಒಂದು ಕಪ್ಪೆ. ಅವಳು ಕಪ್ಪೆರಾಜನ ಮಗಳು.

ಗಾಂಧಿಬಜಾರ್_ಓದುಗ:
ಮೊದಲನೇ ಕಥೆ ಮತ್ತೆ ಕೇಳಿದೆ. ಪೊರೆ ಒಲೆಗೆ ಹಾಕೋದು ಅತ್ತೆ. ಗಂಡ ಎಲ್ಲಿಗೂ ಹೋಗಲ್ಲ.

ಕಥೆಗಂಟು:
433ಬಿ ಕೆಳಗೆ ಹಾಕಿ. ಅತ್ತೆ ಅನ್ನೋದನ್ನ ಷರಾದಲ್ಲಿ ಬರೀರಿ, ಒಲೆ ಅನ್ನೋದನ್ನೂ.